ತಾರಾಯಾನವೂ ಒಂದು ದಾಳದ ಆಟವೂ

ಮೇ ತಿಂಗಳಿನಲ್ಲಿ, ಮೋಡವಿಲ್ಲದ ರಾತ್ರಿ ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ, ನಮ್ಮ ನಾಡಿನ ಯಾವುದಾದರೊಂದು ಬಯಲಿನಲ್ಲಿ ನಿಂತು ದಕ್ಷಿಣ ದಿಗಂತದ ಕಡೆಗೆ ನೋಡಿದರೆ ಪ್ರಕಾಶಮಾನವಾದ ಎರಡು ನಕ್ಷತ್ರಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಅವುಗಳಲ್ಲಿ ಪೂರ್ವದ ಕಡೆಗಿರುವುದು ಆಲ್ಫಾ ಸೆಂಟಾರಿ. ಈಗ ನಮ್ಮ ಕಣ್ಣನ್ನು ಮುಟ್ಟುವ ಅದರ ಬೆಳಕು ಅಲ್ಲಿಂದ ಹೊರಟು ಸುಮಾರು ೪.೪ ವರ್ಷಗಳಾದುವು. ಅದರ ಸಂಗಾತಿಯಾದ ಪ್ರಾಕ್ಸಿಮಾ ಎಂಬ ಮಂಕು ನಕ್ಷತ್ರವು ಇನ್ನೂ ಸ್ವಲ್ಪ ಹತ್ತಿರ, ೪.೨೪ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವೆಂದರೆ ಇದೇ.

೧೯೭೭ನೆಯ ಇಸವಿಯಲ್ಲಿ ಈ ದೂರಕ್ಕೆ ಸಂಬಂಧಪಟ್ಟಂತೆ ಅಮೆರಿಕದಲ್ಲಿ ಎರಡು ಸಂಗತಿಗಳು ನಡೆದುವು. ಒಂದು, ವಾಯೇಜರ್-೧ ಎಂಬ ಗಗನನೌಕೆಯ ಉಡಾವಣೆ. ಇದನ್ನು ಜಗತ್ತೆಲ್ಲ ಬಲ್ಲದು. ಇನ್ನೊಂದನ್ನು ಬಲ್ಲವರು ಕಡಮೆ. ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯು ಮಾರ್ಕ್ ಮಿಲ್ಲರ್ ಅವರು ರಚಿಸಿದ ‘ಟ್ರ್ಯಾವೆಲರ್’ ಎಂಬ ಆಟವನ್ನು ಅದೇ ವರ್ಷ ಪ್ರಕಟಿಸಿತು. ಕೆಲವರು ಮೇಜಿನ ಸುತ್ತ ಕುಳಿತು, ಕಾಗದ, ಸೀಸದಕಡ್ಡಿ, ದಾಳಗಳನ್ನು ಇಟ್ಟುಕೊಂಡು, ತಾವು ದೂರದ ಭವಿಷ್ಯದ ನಾವಿಕರೆಂದೂ ವರ್ತಕರೆಂದೂ ಭಾವಿಸಿ ಕತೆಯೊಂದನ್ನು ಮಾತಿನಲ್ಲಿಯೇ ನಡೆಸಿಕೊಂಡು ಹೋಗುವ ಆಟ ಇದು. ವಾಯೇಜರ್ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರು ವೇಗದಿಂದ ಸಾಗುತ್ತಿದೆ. ಪ್ರಾಕ್ಸಿಮಾ ಇರುವಷ್ಟು ದೂರವನ್ನು ಕ್ರಮಿಸಲು ಅದಕ್ಕೆ ೭೦,೦೦೦ ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ಆಟದ ನೌಕೆಗಾದರೋ ಒಂದು ವಾರ ಸಾಕು!

ಈ ಎರಡನೆಯದನ್ನು ಕುರಿತು ವಿಜ್ಞಾನದ ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಕೆಲವು ವಾಚಕರು ಕೇಳಬಹುದು. ನಾವೂ ಒಂದು ಕಾಲದಲ್ಲಿ ಹಾಗೆಯೇ ಕೇಳುತ್ತಿದ್ದೆವು. ನಮ್ಮ ಅಭಿಪ್ರಾಯ ಬದಲಾದ ಬಗೆಯನ್ನು ಮೊದಲು ಹೇಳುವುದು ಒಳ್ಳೆಯದು.

ಬಿ.ಎಸ್‌ಸಿ. ತರಗತಿಗೆ ನಾವು ಸಾಪೇಕ್ಷತಾವಾದವನ್ನು ಪಾಠ ಹೇಳುತ್ತಿದ್ದ ದಿನ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಟಿಪ್ಪಣಿ ಪುಸ್ತಕದ ತುಂಬ ಷಟ್ಕೋನಗಳನ್ನು ಬರೆದು, ಅವುಗಳ ನಡುವೆ ಚುಕ್ಕೆಗಳನ್ನಿಟ್ಟು, ಗೆರೆ ಎಳೆಯುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ಕೇಳಲಾಗಿ, ಅದು ಟ್ರ್ಯಾವೆಲರ್ ಆಟದ ನಕ್ಷತ್ರಪಟವೆಂದು ತಿಳಿಯಿತು. “ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದೆಂದು ಈಗ ತಾನೇ ಹೇಳಿದೆನಲ್ಲ, ಈ ಸುಳ್ಳನ್ನು ಕಟ್ಟಿಕೊಂಡು ನಿನಗೇನಾಗಬೇಕು?” ಎಂದು ಎಲ್ಲರೆದುರಿಗೆ ಗದರಿಸಿದೆವು. ಹುಡುಗ ತಲೆ ತಗ್ಗಿಸಿದ. ಆದರೆ ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು, “ಹಾಗಾದರೆ ಭೌತಶಾಸ್ತ್ರ ಓದುವುದು ಏನೇನು ಆಗುವುದಿಲ್ಲ ಅಂತ ತಿಳಿದುಕೊಳ್ಳುವುದಕ್ಕೇನು ಸಾರ್?” ಎಂದು ಕೇಳಿದ.

ನಮಗೆ ಆಗ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ಉದ್ಧಟತನದ್ದಾಗಿದ್ದರೆ ಮರೆಯಬಹುದಾಗಿತ್ತು. ಅದು ಹಾಗಿರಲಿಲ್ಲ; ಅದರಲ್ಲಿ ನಿರಾಶೆಯಿತ್ತು. ಒಬ್ಬ ತರುಣನಿಗೆ ಒಂದು ಶಾಸ್ತ್ರದ ಮೇಲಿನ ಅಭಿಲಾಷೆ ಬತ್ತುವುದು ಇಂಥ ಗಳಿಗೆಯಲ್ಲಿಯೇ. ರಜೆಯಲ್ಲಿ ಆ ಹುಡುಗನಿಂದಲೇ ನಿಯಮಾವಳಿಯನ್ನು ಎರವಲು ತಂದು, ಕಾಗದ ಪೆನ್ಸಿಲು ಹಿಡಿದು ಓದಿದೆವು. ಓದಿದ ಮೇಲೆ, ನಾವು ಗದರಿಸಿದ್ದು ತಪ್ಪೆಂಬ ತೀರ್ಮಾನಕ್ಕೆ ಬಂದೆವು. ಏಕೆಂಬುದೇ ಈ ಲೇಖನದ ವಿಷಯ.

ಆಟದ ತಾರಾಯಾನಕ್ಕೆ ‘ಜಂಪ್’ ಎಂದು ಹೆಸರು. ನೆಗೆತವೆಂದು ಕರೆಯೋಣ. ನೌಕೆಯು ನಮ್ಮ ಆಕಾಶವನ್ನು ಬಿಟ್ಟು ಬೇರೊಂದು ಕಲ್ಪಿತ ಆಕಾಶವನ್ನು ಹೊಕ್ಕು, ಸುಮಾರು ಒಂದು ವಾರ, ಎಂದರೆ ೧೬೮ ಗಂಟೆಗಳ ಕಾಲ, ಅಲ್ಲಿದ್ದು, ಗಮ್ಯಸ್ಥಾನದಲ್ಲಿ ಹೊರಬರುತ್ತದೆ. ಹೋಗುವ ದೂರ ಎಷ್ಟಾದರೂ ಹಿಡಿಯುವ ಕಾಲ ಒಂದೇ. ಯಂತ್ರದ ದರ್ಜೆಗೆ ತಕ್ಕಂತೆ ಒಂದು ನೆಗೆತದ ದೂರ ಒಂದರಿಂದ ಆರು ಪಾರ್ಸೆಕ್. ಒಂದು ಪಾರ್ಸೆಕ್ ಎಂದರೆ ೩.೨೬ ಜ್ಯೋತಿರ್ವರ್ಷ. ಲೆಕ್ಕ ಹಾಕಿ ನೋಡಿ: ವಾರಕ್ಕೆ ಒಂದು ಪಾರ್ಸೆಕ್ ಎಂದರೆ ಬೆಳಕಿನ ವೇಗದ ಸುಮಾರು ೧೭೦ ಪಟ್ಟು, ಆರು ಪಾರ್ಸೆಕ್ ಎಂದರೆ ಸಾವಿರ ಪಟ್ಟಿಗೂ ಮೀರಿದುದು. ಇದು ಸುಳ್ಳು. ಈ ಮಾತನ್ನು ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಈ ಒಂದು ಸುಳ್ಳನ್ನು ಒಪ್ಪಿಕೊಂಡ ಮರುಕ್ಷಣವೇ ಆಟವು ಅದಕ್ಕೆ ಕಡಿವಾಣಗಳನ್ನು ಹಾಕಲು ತೊಡಗುತ್ತದೆ. ಮೊದಲನೆಯದು ಇಂಧನ. ಪ್ರತಿ ಪಾರ್ಸೆಕ್ ದೂರಕ್ಕೆ ನೌಕೆಯ ಒಟ್ಟು ಗಾತ್ರದ ಹತ್ತರಲ್ಲೊಂದು ಭಾಗದಷ್ಟು ದ್ರವ ಜಲಜನಕ ಬೇಕು. ಆರು ಪಾರ್ಸೆಕ್ ನೆಗೆಯಬೇಕಾದರೆ ನೌಕೆಯ ಶೇಕಡ ೬೦ ಭಾಗ ಬರಿಯ ತೊಟ್ಟಿಯೇ ಆಗಿರಬೇಕು. ಉಳಿದ ಇಕ್ಕಟ್ಟಿನಲ್ಲಿ ಯಂತ್ರ, ಸಿಬ್ಬಂದಿ, ಸರಕು ಎಲ್ಲವೂ ಇರಬೇಕು. ದೂರ ಹೋಗುವ ಹಡಗು ಹೆಚ್ಚು ಸರಕು ಹೊರಲಾರದು. ಹೆಚ್ಚು ಸರಕು ಹೊರುವುದು ದೂರ ಹೋಗಲಾರದು. ಇಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ನೌಕೆಯ ಅಳತೆಯನ್ನು ಆಟದವರು ತೂಕದಲ್ಲಿ ಹೇಳದೆ, ಒಂದು ಟನ್ ದ್ರವ ಜಲಜನಕ ಹಿಡಿಯುವ ಗಾತ್ರವನ್ನು ಮಾನವಾಗಿಟ್ಟುಕೊಂಡು ಹೇಳುತ್ತಾರೆ. ದ್ರವ ಜಲಜನಕದ ಸಾಂದ್ರತೆ ಘನಮೀಟರಿಗೆ ಸುಮಾರು ೭೦ ಕಿಲೋಗ್ರಾಂ ಮಾತ್ರ, ನೀರಿನದು ೧,೦೦೦. ಆದುದರಿಂದ ಒಂದು ಟನ್ ನೀರಿಗೆ ಒಂದು ಘನಮೀಟರು ಸಾಕಾದರೆ ಒಂದು ಟನ್ ಜಲಜನಕಕ್ಕೆ ಸುಮಾರು ೧೪ ಘನಮೀಟರು ಬೇಕು. ರಾಕೆಟ್ಟುಗಳಲ್ಲಿ ಜಲಜನಕದ ತೊಟ್ಟಿಗಳು ಏಕೆ ಅಷ್ಟು ದೊಡ್ಡವಾಗಿರುತ್ತವೆ ಎಂಬುದಕ್ಕೆ ಕಾರಣವೂ ಇದೇ. ಸಾಂದ್ರತೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಮನಸ್ಸಿಗೆ ನಾಟಿಸುವುದು ಕಷ್ಟ.

ಹಣವಿಲ್ಲದ ನಾವಿಕನು ಇಂಧನವನ್ನು ಕೊಳ್ಳದೆ, ಗುರುಗ್ರಹದಂಥ ಅನಿಲದೈತ್ಯದ ವಾಯುಮಂಡಲವನ್ನು ಸವರಿಕೊಂಡು ಹೋಗಿ ಜಲಜನಕವನ್ನು ತುಂಬಿಕೊಳ್ಳಬಹುದು. ಗುರುವು ಬಹುಮಟ್ಟಿಗೆ ಜಲಜನಕ, ಹೀಲಿಯಂಗಳಿಂದಲೇ ಆಗಿರುವುದರಿಂದ ಈ ಕಲ್ಪನೆಗೆ ಆಧಾರವಿದೆ. ಆದರೆ ಶುದ್ಧಿಮಾಡದ ಇಂಧನವನ್ನು ಬಳಸಿದರೆ ನೆಗೆತ ತಪ್ಪಿ ಎಲ್ಲಿಗೋ ಹೋಗಿ ಬೀಳುವ ಅಪಾಯ ಹೆಚ್ಚು. ಉಳಿತಾಯಕ್ಕೂ ಬೆಲೆ ತೆರಲೇಬೇಕು.

ಎರಡನೆಯ ಕಡಿವಾಣ ಸ್ಥಳಕ್ಕೆ ಸಂಬಂಧಪಟ್ಟದ್ದು. ಯಾವುದೇ ದೊಡ್ಡ ಕಾಯದಿಂದ ಅದರ ವ್ಯಾಸದ ನೂರು ಪಟ್ಟು ದೂರ ಹೋಗದೆ ನೆಗೆಯುವುದು ಅಪಾಯಕರ. ಭೂಮಿಯ ವ್ಯಾಸ ಸುಮಾರು ೧೨,೭೫೬ ಕಿಲೋಮೀಟರು. ಅದರ ನೂರರಷ್ಟೆಂದರೆ ಸುಮಾರು ೧೨.೭೫ ಲಕ್ಷ, ಚಂದ್ರನ ದೂರದ ಮೂರು ಪಟ್ಟಿಗೂ ಮಿಗಿಲು. ಗುರುತ್ವದ ವೇಗೋತ್ಕರ್ಷಕ್ಕೆ ಸಮನಾದ ವೇಗೋತ್ಕರ್ಷದಿಂದ ಹೊರಟ ನೌಕೆ ಆ ಎಲ್ಲೆಯನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಪ್ರೌಢಶಾಲೆಯ ಸಮೀಕರಣವೇ ಸಾಕು: ಸುಮಾರು ನಾಲ್ಕೂವರೆ ಗಂಟೆ. ಅರ್ಧ ದಾರಿಯಿಂದ ವೇಗವನ್ನು ತಗ್ಗಿಸುತ್ತ ಹೋಗಿ ಅಲ್ಲಿ ನಿಲ್ಲಬೇಕಾದರೆ ಆರು ಗಂಟೆಗೂ ಸ್ವಲ್ಪ ಹೆಚ್ಚು. ಈಗ ಸೂರ್ಯನನ್ನು ತೆಗೆದುಕೊಳ್ಳಿ. ಅವನ ವ್ಯಾಸ ಸುಮಾರು ೧೩.೯ ಲಕ್ಷ ಕಿಲೋಮೀಟರು, ಎಲ್ಲೆ ೧೩.೯ ಕೋಟಿ ಕಿಲೋಮೀಟರು. ಸುಮಾರು ೧೫ ಕೋಟಿ ದೂರದಲ್ಲಿರುವ ನಮ್ಮ ಭೂಮಿಯು ಈ ಎಲ್ಲೆಯ ಹೊರಗೆ ಹೇಗೋ ಉಳಿದುಕೊಳ್ಳುತ್ತದೆ; ೧೦.೮ ಕೋಟಿ ದೂರದ ಶುಕ್ರನು ಒಳಗೇ ಸಿಕ್ಕಿಕೊಳ್ಳುತ್ತಾನೆ. ಶುಕ್ರನಿಂದ ಹೊರಡುವ ನಾವಿಕನು ಮೊದಲು ಸೂರ್ಯನಿಂದ ದೂರ ಸರಿಯಬೇಕಾಗುತ್ತದೆ. ಇದನ್ನು ಆಟದ ಪುಸ್ತಕ ಹೇಳಿಕೊಡಬೇಕಾಗಿಲ್ಲ. ನಿಯಮವನ್ನು ಬಲ್ಲ ವಿದ್ಯಾರ್ಥಿ ತಾನೇ ಕಂಡುಕೊಳ್ಳುತ್ತಾನೆ. ಹೀಗೆ ಕಂಡುಕೊಳ್ಳುವುದೇ ಭೌತಶಾಸ್ತ್ರದ ಅಭ್ಯಾಸ.

ಮೂರನೆಯ ಕಡಿವಾಣ ಎಲ್ಲಕ್ಕಿಂತ ಮುಖ್ಯ. ಈ ಆಟದ ಜಗತ್ತಿನಲ್ಲಿ ನೌಕೆಗಿಂತ ವೇಗವಾಗಿ ಸುದ್ದಿಯು ಹೋಗಲಾರದು. ನಕ್ಷತ್ರಗಳ ನಡುವೆ ಗಳಿಗೆಯಲ್ಲಿ ಮಾತನಾಡುವ ರೇಡಿಯೋ ಇಲ್ಲ. ಪತ್ರಗಳನ್ನು ಹೊತ್ತ ಸಣ್ಣ ಅಂಚೆನೌಕೆಗಳು ನಾಲ್ಕು ಪಾರ್ಸೆಕ್‌ಗಳಂತೆ ನೆಗೆಯುತ್ತ, ನಿಲ್ದಾಣದಿಂದ ನಿಲ್ದಾಣಕ್ಕೆ ಸುದ್ದಿಯನ್ನು ದಾಟಿಸುತ್ತವೆ. ನೂರು ಪಾರ್ಸೆಕ್ ದೂರದ ಗಡಿಯಲ್ಲಿ ಯುದ್ಧ ಹತ್ತಿಕೊಂಡರೆ, ಎಲ್ಲಿಯೂ ತಡವಾಗದಿದ್ದರೂ, ರಾಜಧಾನಿಗೆ ಅದು ತಿಳಿಯುವುದು ೨೫ ವಾರಗಳ ಮೇಲೆ. ಅಪ್ಪಣೆ ಹಿಂದಿರುಗಲು ಮತ್ತೆ ೨೫ ವಾರ. ಇಂಥ ಸಾಮ್ರಾಜ್ಯವನ್ನು ಕೇಂದ್ರದಿಂದ ಆಳಲು ಸಾಧ್ಯವೇ? ಆದ್ದರಿಂದಲೇ ಈ ಆಟದಲ್ಲಿ ಪ್ರಾಂತಗಳನ್ನು ಆಳುವವರು ಸ್ಥಳದಲ್ಲಿಯೇ ನಿರ್ಣಯ ಕೈಕೊಳ್ಳುವ ಅಧಿಕಾರವುಳ್ಳ ಸಾಮಂತರು. ನೌಕೆಯ ವೇಗಕ್ಕೆ ಸಂಬಂಧಪಟ್ಟ ಒಂದು ಸಾಲಿನ ನಿಯಮದಿಂದ ಇಡೀ ರಾಜ್ಯವ್ಯವಸ್ಥೆ ಹೊರಟಿತು!

ಇದು ಬರಿಯ ಕಲ್ಪನೆಯೆಂದು ನಗುವವರು ನಮ್ಮ ಚರಿತ್ರೆಯನ್ನೇ ನೋಡಲಿ. ೧೭೮೩ರ ಜನವರಿಯಲ್ಲಿ ಯೂರೋಪಿನಲ್ಲಿ ಆಂಗ್ಲರೂ ಫ್ರೆಂಚರೂ ಸಂಧಿಯ ಪ್ರಾಥಮಿಕ ಪತ್ರಕ್ಕೆ ರುಜು ಹಾಕಿದರು. ಆದರೂ ಅದೇ ವರ್ಷ ಜೂನ್ ೨೦ರಂದು ಕಡಲೂರಿನ ಮುಂದೆ ಅವರ ನೌಕಾಪಡೆಗಳು ಸೆಣಸಿದುವು. ಸುದ್ದಿಯನ್ನು ಹೊತ್ತ ಹಡಗು ಇನ್ನೂ ಬಂದಿರಲಿಲ್ಲ! ಅದು ಬಂದುದು ಜೂನ್ ತಿಂಗಳ ಕೊನೆಗೆ. ಆಗ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ ಟಿಪ್ಪುವಿನ ಜೊತೆಯಲ್ಲಿದ್ದ ಫ್ರೆಂಚರು, ಸಂಧಿಯ ಸುದ್ದಿ ತಿಳಿದೊಡನೆ, ಯುದ್ಧದಿಂದ ಹಿಂದೆ ಸರಿದರು. ಮುಗಿದುಹೋದ ಯುದ್ಧಕ್ಕಾಗಿ ಕಡಲೂರಿನಲ್ಲಿ ಸತ್ತವರ ಪ್ರಾಣವನ್ನು ತೆಗೆದುದು ಫಿರಂಗಿಯಷ್ಟೇ ಅಲ್ಲ, ಹಾಯಿಹಡಗಿನ ನಿಧಾನಗತಿಯೂ ಹೌದು. ತಂತಿಯ ಕಾಲದಲ್ಲಿ ಹುಟ್ಟಿದವರಿಗೆ ಇದು ಮರೆತುಹೋಗಿದೆ. ಸಂದೇಶದ ವೇಗಕ್ಕೆ ಮಿತಿಯಿರುವುದೆಂದರೆ ಏನೆಂಬುದನ್ನು ಈ ಆಟ ಮತ್ತೆ ನೆನಪಿಗೆ ತರುತ್ತದೆ. ಬೆಳಕಿನ ವೇಗವನ್ನು ನಾವು ಕರಿಹಲಗೆಯ ಮೇಲೆ ಒಂದು ಅಂಕಿಯಾಗಿ ಬರೆಯುತ್ತೇವೆ. ಅದು ಮನುಷ್ಯರ ಬಾಳನ್ನು ಮುಟ್ಟುವ ಮಿತಿಯೆಂದು ಎಷ್ಟು ಮಂದಿ ಅಧ್ಯಾಪಕರು ಹೇಳುತ್ತೇವೆ?

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳುವುದು ನ್ಯಾಯ. ಒಂದು, ಆಟದ ನಕ್ಷತ್ರಪಟ ಚಪ್ಪಟೆಯಾದುದು. ಆಕಾಶಕ್ಕೆ ಮೂರು ಆಯಾಮಗಳಿವೆ. ನಿಜವಾದ ಆಕಾಶದಲ್ಲಿ ಸೂರ್ಯನಿಂದ ಒಂದು ಪಾರ್ಸೆಕ್ ದೂರದೊಳಗೆ ಬೇರೆ ನಕ್ಷತ್ರವೇ ಇಲ್ಲ. ಪ್ರಾಕ್ಸಿಮಾ ಇರುವುದು ೧.೩ ಪಾರ್ಸೆಕ್ ದೂರದಲ್ಲಿ. ಒಂದು ಪಾರ್ಸೆಕ್‌ನ ಯಂತ್ರವನ್ನು ಕಂಡುಹಿಡಿದವನು ಇಲ್ಲಿಂದ ಒಂದೇ ನೆಗೆತದಲ್ಲಿ ಯಾವ ನಕ್ಷತ್ರವನ್ನೂ ಸೇರಲಾರನು.

ಎರಡು, ಶಕ್ತಿಯ ಲೆಕ್ಕ. ನೂರು ಟನ್ ಗಾತ್ರದ ನೌಕೆಯು ಎರಡು ಪಾರ್ಸೆಕ್ ನೆಗೆತಕ್ಕೆ ೨೦ ಟನ್ ಜಲಜನಕವನ್ನು ಬಳಸುತ್ತದೆ. ಅಷ್ಟನ್ನೂ ಸೂರ್ಯನಲ್ಲಿ ನಡೆಯುವಂತೆ ಹೀಲಿಯಮ್ಮಾಗಿ ಸಮ್ಮಿಲನಗೊಳಿಸಿದರೆ, ದ್ರವ್ಯರಾಶಿಯ ಶೇಕಡ ೦.೭ರಷ್ಟು, ಎಂದರೆ ೧೪೦ ಕಿಲೋಗ್ರಾಂ, ಶಕ್ತಿಯಾಗಿ ಮಾರ್ಪಡುತ್ತದೆ. ಐನ್‌ಸ್ಟೈನರ ಸೂತ್ರದ ಪ್ರಕಾರ ಇದು ೧.೨೬ ಲಕ್ಷ ಕೋಟಿ ಕೋಟಿ ಜೂಲ್. ಬಹಳವಾಯಿತೆಂದು ತೋರುತ್ತದೆ. ಆದರೆ ನೌಕೆಯ ದ್ರವ್ಯರಾಶಿ ಕೇವಲ ೧೦೦ ಟನ್ನೆಂದು ಉದಾರವಾಗಿ ಇಟ್ಟುಕೊಂಡರೂ, ಅದಕ್ಕೆ ಬೆಳಕಿನ ವೇಗದ ಹತ್ತನೆಯ ಒಂದು ಭಾಗದಷ್ಟು ವೇಗವನ್ನು ಕೊಡಲು ೪.೫ ಲಕ್ಷ ಕೋಟಿ ಕೋಟಿ ಜೂಲ್ ಬೇಕು. ಮುಟ್ಟಿದಲ್ಲಿ ನಿಲ್ಲಲು ಮತ್ತೆ ಅಷ್ಟೇ ಬೇಕು. ಆ ವೇಗದಲ್ಲಿಯೂ ಪ್ರಾಕ್ಸಿಮಾ ೪೨ ವರ್ಷಗಳ ದಾರಿ. ಆಟದ ಒಂದು ವಾರ ಎಷ್ಟು ದೊಡ್ಡ ಸಾಲವೆಂಬುದು ಇದರಿಂದ ತಿಳಿಯುತ್ತದೆ.

ಮೂರನೆಯ ದೋಷ ಆಳವಾದುದು. ಒಂದು ವಾರದಲ್ಲಿ ಒಂದು ಪಾರ್ಸೆಕ್ ನೆಗೆದ ನೌಕೆಯನ್ನು, ಅದೇ ದಿಕ್ಕಿನಲ್ಲಿ ಸೆಕೆಂಡಿಗೆ ೧,೮೦೦ ಕಿಲೋಮೀಟರಿಗಿಂತ ಹೆಚ್ಚು ವೇಗದಿಂದ ಸಾಗುತ್ತಿರುವ ವೀಕ್ಷಕನೊಬ್ಬನು ಗಮನಿಸಿದನೆನ್ನಿ. ಸಾಪೇಕ್ಷತಾವಾದದ ಪ್ರಕಾರ ಅವನ ಗಡಿಯಾರದ ಲೆಕ್ಕದಲ್ಲಿ ನೌಕೆ ಹೊರಡುವುದಕ್ಕಿಂತ ಮುಂಚೆಯೇ ಅದು ತಲುಪಿರುತ್ತದೆ. ಇಂಥ ವೀಕ್ಷಕನಿಗೂ ನೆಗೆಯುವ ಯಂತ್ರವಿದ್ದರೆ, ನಿನ್ನೆಗೆ ಕಾಗದ ಬರೆಯುವ ಉಪಾಯವೂ ದೊರೆಯುತ್ತದೆ. ಕಾರ್ಯವು ಕಾರಣಕ್ಕಿಂತ ಮುಂದೆ ಓಡುತ್ತದೆ. ಬೆಳಕಿನ ವೇಗದ ಮಿತಿ ಯಂತ್ರಶಿಲ್ಪಿಗಳ ಕೈಲಾಗದ್ದರಿಂದ ಬಂದುದಲ್ಲ. ಮೊದಲು, ಅನಂತರ ಎಂಬ ಮಾತುಗಳಿಗೆ ಅರ್ಥವನ್ನು ಕಾಪಾಡುವ ಕಟ್ಟು ಅದು. ಆಟ ಈ ವಿಷಯದಲ್ಲಿ ಮೌನವಾಗಿದೆ. ತರಗತಿಯಲ್ಲಿ ಮಾತನಾಡಬೇಕಾದ ಸ್ಥಳವೂ ಇದೇ.

ಹೀಗಿರುವಾಗ, ಇಂಥ ಆಟಗಳಿಂದ ತರುಣರ ತಲೆ ಕೆಡುತ್ತದೆಂಬ ನಮ್ಮ ಕೆಲವು ಸಹೋದ್ಯೋಗಿಗಳ ವಾದದಲ್ಲಿ ಸ್ವಲ್ಪವೂ ಹುರುಳಿಲ್ಲವೇ? ಇದೆ. ಗುಂಡಿ ಒತ್ತಿದೊಡನೆ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಕತೆಗಳು ಬೇಕಾದಷ್ಟಿವೆ. ಅವುಗಳಲ್ಲಿ ದೂರವೆಂಬುದೇ ಇಲ್ಲ. ಅಂಥವನ್ನೇ ನೋಡಿ ಬೆಳೆದವರು, ತಾರಾಯಾನಕ್ಕೆ ಬೇಕಾದುದು ಇನ್ನೊಂದಿಷ್ಟು ಹಣ ಮತ್ತು ಧೈರ್ಯ ಎಂದು ನಂಬಿಯಾರು. ಆದರೆ ಸುಳ್ಳುಗಳೆಲ್ಲ ಒಂದೇ ಬಗೆಯವಲ್ಲ. ತನಗೆ ಬೇಕಾದಾಗಲೆಲ್ಲ ಹೊಸ ಸುಳ್ಳನ್ನು ಸೇರಿಸಿಕೊಳ್ಳುವ ಕಲ್ಪನೆ ಒಂದು ಬಗೆ. ಒಂದೇ ಸುಳ್ಳನ್ನು ಮುಂದಿಟ್ಟು, “ಇದು ನಿಜವಾದರೆ ಮುಂದೇನಾಗುತ್ತದೆ?” ಎಂದು ಕೊನೆಯವರೆಗೂ ಪ್ರಾಮಾಣಿಕವಾಗಿ ಲೆಕ್ಕ ಹಾಕುವ ಕಲ್ಪನೆ ಇನ್ನೊಂದು ಬಗೆ. ಎರಡನೆಯದು ವಿಜ್ಞಾನದ ನೆರೆಮನೆಯದು. ಘರ್ಷಣೆಯಿಲ್ಲದ ಮೇಜನ್ನೂ ತೂಕವಿಲ್ಲದ ದಾರವನ್ನೂ ನಾವು ಪಾಠದಲ್ಲಿ ದಿನವೂ ಬಳಸುವುದಿಲ್ಲವೇ?

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆ ಉಳಿದಿದೆ. ಭೌತಶಾಸ್ತ್ರವು ‘ಆಗದು’ ಎಂದು ಹೇಳುವುದು ಅಧಿಕಾರದಿಂದ ಅಲ್ಲ, ಪರೀಕ್ಷೆಯಿಂದ. ೨೦೧೧ರಲ್ಲಿ ಯೂರೋಪಿನ ಓಪೆರಾ ಪ್ರಯೋಗದವರು ನ್ಯೂಟ್ರಿನೋ ಕಣಗಳು ಸುಮಾರು ೭೩೦ ಕಿಲೋಮೀಟರು ದಾರಿಯಲ್ಲಿ ಬೆಳಕಿಗಿಂತ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಅರವತ್ತು ಭಾಗದಷ್ಟು ಮುಂಚೆ ಬಂದಂತೆ ತೋರುತ್ತದೆಂದು ಪ್ರಕಟಿಸಿದರು. ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ. ಪ್ರಪಂಚವೆಲ್ಲ ಲೆಕ್ಕಗಳನ್ನು ಮತ್ತೆ ನೋಡಿತು. ೨೦೧೨ರಲ್ಲಿ, ಸರಿಯಾಗಿ ಕೂಡಿಸದಿದ್ದ ಒಂದು ಬೆಳಕಿನ ತಂತುವಿನ ಜೋಡಣೆ ಮುಖ್ಯ ಕಾರಣವೆಂದು ಅವರೇ ಕಂಡುಕೊಂಡರು. ೧೯೯೪ರಲ್ಲಿ ಮಿಗುಯೆಲ್ ಅಲ್ಕುಬಿಯೆರ್ ಎಂಬ ಮೆಕ್ಸಿಕೋದ ವಿಜ್ಞಾನಿ, ಆಕಾಶವನ್ನೇ ಮುಂದೆ ಕುಗ್ಗಿಸಿ ಹಿಂದೆ ಹಿಗ್ಗಿಸಿ ಸಾಗುವ ಮಾರ್ಗವೊಂದನ್ನು ಐನ್‌ಸ್ಟೈನರ ಸಮೀಕರಣಗಳಿಂದಲೇ ತೆಗೆದು ತೋರಿಸಿದರು. ಅದಕ್ಕೆ ಬೇಕಾದ ಋಣಶಕ್ತಿಯನ್ನು ಒದಗಿಸುವ ಬಗೆ ಯಾರಿಗೂ ತಿಳಿಯದು. ಆದರೂ ಪ್ರಶ್ನೆಯನ್ನು ಕೇಳುವುದು ನಿಷಿದ್ಧವಾಗಲಿಲ್ಲ. ಕೇಳುವವನು ಲೆಕ್ಕ ಹಾಕಬೇಕು, ಅಷ್ಟೇ.

ಮಿತಿಗಳು ಜಗತ್ತನ್ನು ಬರಡುಮಾಡುವುದಿಲ್ಲ; ಅದಕ್ಕೆ ಆಕಾರವನ್ನು ಕೊಡುತ್ತವೆ. ಒಂದು ವಾರ, ಆರು ಪಾರ್ಸೆಕ್, ನೂರು ವ್ಯಾಸ ಎಂಬ ಕಟ್ಟುಗಳನ್ನು ತೆಗೆದುಹಾಕಿದರೆ ಟ್ರ್ಯಾವೆಲರ್ ಆಟದಲ್ಲಿ ಅಂಚೆಯೂ ಇಲ್ಲ, ವ್ಯಾಪಾರವೂ ಇಲ್ಲ, ಸಾಹಸವೂ ಇಲ್ಲ. ಬೆಳಕಿನ ವೇಗವೆಂಬ ಕಟ್ಟನ್ನು ತೆಗೆದುಹಾಕಿದರೆ ನಮ್ಮ ಜಗತ್ತಿನಲ್ಲಿ ನಿನ್ನೆ ನಾಳೆಗಳೇ ಉಳಿಯಲಾರವು. ಏನು ಆಗದೆಂಬುದನ್ನು ಕರಾರುವಾಕ್ಕಾಗಿ ತಿಳಿದವನಿಗೆ ಮಾತ್ರ ಏನು ಆಗಬಹುದೆಂಬುದು ಕಾಣುತ್ತದೆ. ವಾಯೇಜರ್ ನೌಕೆಯನ್ನು ಕಳುಹಿಸಿದವರು ಇಂಥವರು. ೨೦೧೨ರಲ್ಲಿ ಅದು ಸೌರಮಾರುತದ ಗಡಿಯನ್ನು ದಾಟಿ ತಾರೆಗಳ ನಡುವಣ ಅವಕಾಶವನ್ನು ಹೊಕ್ಕಿತು. ಅದು ನೆಗೆಯಲಿಲ್ಲ, ನಡೆದುಕೊಂಡೇ ಹೋಯಿತು.

ಕಾಲೇಜುಗಳ ವಿಜ್ಞಾನ ಸಂಘಗಳು ವರ್ಷಕ್ಕೊಮ್ಮೆಯಾದರೂ ಇಂಥ ಒಂದು ಆಟದ ನಿಯಮಾವಳಿಯನ್ನು ಎದುರಿಗಿಟ್ಟುಕೊಂಡು, ಎಲ್ಲಿ ನಿಜ, ಎಲ್ಲಿ ಸಾಲ, ಆ ಸಾಲದ ಮೊತ್ತವೆಷ್ಟು ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಬೇಕೆಂದು ನಾವು ಸೂಚಿಸುತ್ತೇವೆ. ನಮ್ಮ ತರಗತಿಯಲ್ಲಿ ಇದನ್ನು ಆರಂಭಿಸಿದ್ದೇವೆ. ಶುಕ್ರನು ಸೂರ್ಯನ ಎಲ್ಲೆಯೊಳಗೆ ಸಿಕ್ಕಿಕೊಳ್ಳುವನೆಂಬ ಮಾತನ್ನು ಮೇಲೆ ಬರೆದೆವಷ್ಟೆ. ಅದನ್ನು ಮೊದಲು ಲೆಕ್ಕ ಹಾಕಿ ತಂದು ತೋರಿಸಿದವನು, ನಾವು ಗದರಿಸಿದ ಆ ಹುಡುಗನೇ.